ನೊಣ ಕೂತಾಗ

ತಿಗಳರಪೇಟೆಯ ಗಲ್ಲಿಯಲ್ಲಿ ದ್ರೌಪದಮ್ಮ ಸೌಂಡ್ಸ್.
ಬೋರ್ಡು ಅಪ್ಪನದು, ಆಂಪ್ಲಿಫೈಯರು ನನ್ನದು,
ಕಿವಿ ಇಬ್ಬರದೂ.
ಮದುವೆ, ತಿಥಿ, ಓಟು, ರಾಜ್ಯೋತ್ಸವ,
ಯಾರು ಏನೇ ಹೇಳಲಿ ನಾನು ಮಾತಿನ ಒಳಗೆ ಹೋಗುವವನಲ್ಲ;
ಅದರ ಅಂಚು ಕಾಯುತ್ತೇನೆ.

ಏಪ್ರಿಲ್. ಬಸವನಗುಡಿಯ ಒಂದು ಪುಟ್ಟ ಸಭಾಂಗಣ.
ಮೂವತ್ತೆಂಟು ಡಿಗ್ರಿ, ಎಂದ ಡ್ರೈವರ್ ಷಣ್ಮುಗಂ ಫೋನು ನೋಡಿ,
‘ಇದು ನಮ್ಮೂರೇನಣ್ಣ?’
ಎಪ್ಪತ್ತು ಕುರ್ಚಿ, ಇಪ್ಪತ್ತಾರು ಜನ.
ಭೂಮಿಯ ಜ್ವರದ ಬಗ್ಗೆ ಹೇಳುತ್ತಿದ್ದ ತಬಸ್ಸುಮ್ ಮೇಡಂ
ಹೇಳುತ್ತ ಹೇಳುತ್ತ ಮೈಕು ಹಿಡಿದು
ಬಾಕ್ಸಿನ ಮುಂದಕ್ಕೇ ನಡೆದುಬಿಟ್ಟರು.

ಕೂಗಿತು.
ಮುಂದಿನ ಸಾಲಿನ ಮುದುಕರು ಕಿವಿಯ ಯಂತ್ರ ಕಿತ್ತರು.
ಮೇಡಂ ಗಾಬರಿಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು:
ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿದರು.
ಮುಚ್ಚಿದರೆ ಅದು ಇನ್ನೂ ಕೂಗುತ್ತದೆ,
ಯಾರೂ ನಂಬುವುದಿಲ್ಲ.

ಓಡಿ ಗುಂಡಿ ಇಳಿಸಿದೆ.
ಬೈಗುಳಕ್ಕೆ ತಲೆ ತಗ್ಗಿಸಿ ನಿಂತರೆ ಮೇಡಂ,
‘ಏನಾಯ್ತು ಅಂತ ಇವರಿಗೂ ಹೇಳಿ’ ಎಂದರು.
ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ
ನನ್ನ ಮೈಕು ನನ್ನ ಬಾಯಿಗೆ ಬಂತು.

ಮೈಕು ಕೇಳಿದ್ದನ್ನು ಬಾಕ್ಸು ಹೇಳುತ್ತೆ ಸ್ವಾಮಿ,
ಬಾಕ್ಸು ಹೇಳಿದ್ದನ್ನು ಮೈಕು ಮತ್ತೆ ಕೇಳುತ್ತೆ.
ಒಂದು ಹೋಗಿ ಅರ್ಧ ಮರಳಿದರೆ,
ಅರ್ಧಕ್ಕೆ ಕಾಲು, ಕಾಲಿಗೆ ಅರೆಕಾಲು, ಆಮೇಲೆ ವೀಸ,
ಎಷ್ಟು ಕೂಡಿದರೂ ಎರಡು ದಾಟಲ್ಲ. ಗಟ್ಟಿಯಾಗುತ್ತೆ, ನಿಲ್ಲುತ್ತೆ.
ಒಂದಕ್ಕೆ ಒಂದೇ ಮರಳಿತೋ
ನಿಲ್ಲಿಸೋನು ಬೇಕು.

ನನ್ನ ಭಾಷಣ ಇವರೇ ಮುಗಿಸಿದರು ಎಂದು ನಕ್ಕವರು
ಇನ್ನೂ ಅರ್ಧ ಗಂಟೆ ಮಾತಾಡಿದರು.
ನಾವು ಬಿಟ್ಟ ಹೊಗೆ ಬರೀ ಮೊದಲ ಮಾತು.
ಗಾಳಿ ಒಂದು ಡಿಗ್ರಿ ಕಾದರೆ
ನೂರಕ್ಕೆ ಏಳರಷ್ಟು ಹೆಚ್ಚು ಆವಿ ಹೊರಬಲ್ಲದು,
ಆ ಆವಿಯೇ ಮತ್ತೊಂದು ಕಂಬಳಿ.
ಧ್ರುವದ ಹಿಮ ಸರಿದಲ್ಲಿ ಕಪ್ಪು ಕಡಲು,
ಕಪ್ಪು ಬಿಸಿಲು ಕುಡಿಯುತ್ತದೆ.
ಹೆಪ್ಪುಗಟ್ಟಿದ ನೆಲ ಸಡಿಲಿದರೆ
ಸಾವಿರಾರು ವರ್ಷ ಬಿಗಿಹಿಡಿದ ಉಸಿರು ಹೊರಗೆ.
ಮೋಡ?
‘ಮೋಡದ ಲೆಕ್ಕ ನಮಗಿನ್ನೂ ಪೂರ್ತಿ ಹತ್ತಿಲ್ಲ’ ಎಂದರು.
ಅವರನ್ನು ನಾನು ನಂಬಿದ್ದು ಅಲ್ಲಿಂದ.

ಹಾಗಾದರೆ ಕೂಗಿಯೇ ತೀರುತ್ತದೋ, ಎಂದರು ಯಾರೋ.
ಇಲ್ಲ; ಕಾದದ್ದು ಹೆಚ್ಚು ಕಾವು ಬಿಟ್ಟುಕೊಡುತ್ತದೆ, ಭೂಮಿಯೂ.
ಆ ಒಂದು ಕೈ ಇನ್ನೂ ಗುಂಡಿಯ ಮೇಲಿದೆ.
ಮರಳುವುದು ಒಂದಕ್ಕಿಂತ ಕಡಿಮೆಯೇ.
ಆದರೆ ಎರಡರಷ್ಟು, ಎರಡೂವರೆಯಷ್ಟು ಗಟ್ಟಿ ಎಂದರೆ,
ಇಷ್ಟು ಚಿಕ್ಕ ಹಾಲಿಗೆ?

ರಾತ್ರಿ ಹತ್ತಕ್ಕೆ ಬಾಕ್ಸು ಹೇರಿಕೊಂಡು ಮನೆಗೆ.
ಗೋಡೆ ಮುಟ್ಟಿದರೆ ಇನ್ನೂ ಮಧ್ಯಾಹ್ನ.
ಪಕ್ಕದ ಬಿಲ್ಡಿಂಗಿನ ಏಸಿ ನಮ್ಮ ಕಿಟಕಿಗೆ ಊದುತ್ತದೆ,
ಕಿಟಕಿ ಮುಚ್ಚಿದ್ದೇವೆ. ಮುಚ್ಚಿದ್ದಕ್ಕೆ ಸೆಕೆ.
ಮೊಮ್ಮಗಳ ಬೆನ್ನಿನ ತುಂಬ ಬೆವರುಸಾಲೆ.
ವನಜಾಕ್ಷಿ ದಿಂಬಿನಡಿಯಿಂದ ಕಂತಿನ ಕಾಗದ ತೆಗೆದಳು,
ತಿಂಗಳಿಗೆ ಎರಡು ಸಾವಿರದ ನೂರು.
ಬೇಡ ಎನ್ನಲು ನನಗೆ ಬಾಯಿಲ್ಲ.
ನಮ್ಮದು ಊದುವುದು ಟೈಲರ್ ಅನ್ಸರನ ಕಿಟಕಿಗೆ.
ಅವನು ಯಾರ ಕಿಟಕಿಗೋ.

ಸಭೆಯಲ್ಲಿ ಹೇಳದೆ ಬಂದ ಮಾತೊಂದಿದೆ.
ಕೂಗುವ ಮುಂಚೆ, ಕಾಲು ಸೆಕೆಂಡಿನ ಮುಂಚೆ,
ಮಾತಿನ ಬಾಲಕ್ಕೆ ಒಂದು ಸಣ್ಣ ಗುಂಯ್ ಅಂಟುತ್ತದೆ.
ಜನಕ್ಕೆ ಕೇಳಿಸದು. ಅಪ್ಪ ಅದನ್ನು ನೊಣ ಅನ್ನುತ್ತಿದ್ದ.
‘ನೊಣ ಕೂತಾಗಲೇ ಇಳಿಸು ಮುನಿಯಲ್ಲ,
ಹುಲಿ ಆದ ಮೇಲೆ ಅಲ್ಲ.’

ಎರಡು ಗಂಟೆ ರಾತ್ರಿ.
ಬೀದಿ ತುಂಬ ಗೋಡೆಗೆ ಜೋತ ಪೆಟ್ಟಿಗೆಗಳು, ಒಂದೇ ಶ್ರುತಿಯಲ್ಲಿ.
ಮಗು ನಿದ್ದೆಯಲ್ಲೇ ಕೆರೆದುಕೊಳ್ಳುತ್ತಿದೆ.
ಇದೆ, ಅಲ್ಲಿದೆ, ಕೇಳಿಸುತ್ತಿದೆ ನನಗೆ,
ಕತ್ತಲಲ್ಲಿ ಕೈ ತಾನಾಗಿ
ಇಲ್ಲದ ಗುಂಡಿ ತಡಕುತ್ತದೆ.